ಮತಕ್ಷೇತ್ರ ಅಂದರೆ ಗುಡಿಯಲ್ಲ

ನಾನು ಓದಿದ್ದೇನೆ ಅನ್ನೋದು ನಮ್ಮ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಏನು ಓದಿದ್ದೇನೆ ಅನ್ನೋದು ಯಾರಿಗೂ ಗೊತ್ತಿಲ್ಲ.

ಆಂಧ್ರದೊಳಗಿನ ಗುಡಿಬಂಡೆ ಕಡೆಯ, ಕನ್ನಡ ಮಾತಾಡುವ ಕುರಿಯವರ ಹಟ್ಟಿ ನಮ್ಮದು. ಅಲ್ಲಿಂದ ಹೊರಟು, ಹಾಸ್ಟೆಲಿನ ನೀರು ಸಾರು ಕುಡಿದು, ರಜೆ ಬಂದಾಗ ಕಂಡವರ ತೋಟದಲ್ಲಿ ರೇಷ್ಮೆಸೊಪ್ಪು ಕೊಯ್ದು ಎಂ.ಎ. ಮುಗಿಸಿದವನು ನಾನು. ನಮ್ಮ ವಂಶದಲ್ಲಿ ಡಿಗ್ರಿ ಕಂಡವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳೋಕೆ ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಅವ್ವನನ್ನು ಯಾರಾದರೂ ನಿನ್ನ ಮಗ ಏನು ಓದವ್ನೆ, ಡಾಕ್ಟ್ರಾ ಅಂತ ಕೇಳಿದರೆ ಅಲ್ಲ ಅನ್ನುತ್ತಾಳೆ. ಲಾಯ್ರಾ ಅಂದರೆ ಅದೂ ಅಲ್ಲ. ಮತ್ತೇನು ಅಂದರೆ ಸ್ವಲ್ಪ ಹೊತ್ತು ಯೋಚಿಸಿ, "ಓಟಿಂದು" ಅನ್ನುತ್ತಾಳೆ. ರಾಜ್ಯಶಾಸ್ತ್ರ ಅನ್ನೋ ಮಾತು ಅವಳ ನಾಲಗೆಗೆ ಹತ್ತಲೇ ಇಲ್ಲ. ಅಲ್ಲಿಗೆ ನಾನು ಹಟ್ಟಿಯ ಪಾಲಿಗೆ ಓಟಿನ ಮೇಷ್ಟ್ರಾದೆ. ಊರಿಗೆ ಹೋದರೆ ಸಾಕು, ಓಟರ್ ಕಾರ್ಡಿನಲ್ಲಿ ನನ್ನ ಗಂಡನ ಹೆಸರು ತಪ್ಪಿದೆ, ನನ್ನ ಫೋಟೋ ಜಾಗದಲ್ಲಿ ನಮ್ಮ ನಾದಿನಿ ಫೋಟೋ ಬಂದಿದೆ ಅಂತ ಜನ ಜಗಲಿಗೆ ಬಂದು ಕೂರುತ್ತಾರೆ. ನಾನು ಅದನ್ನೆಲ್ಲ ಸರಿ ಮಾಡುವವನಲ್ಲ ಅಂದರೆ, ಮತ್ತೆ ಅಷ್ಟು ವರ್ಷ ಏನು ಓದಿದೆ ಅಂತ ಅವರ ಪ್ರಶ್ನೆ.

ಈಗ ನಾನು ಬಳ್ಳಾರಿ ಗಡಿಗೆ ಹತ್ತಿರದ ರಾಯದುರ್ಗದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪರ್ಮನೆಂಟ್ ಅಲ್ಲ, ವರ್ಷ ವರ್ಷಕ್ಕೆ ಕರೆಯುತ್ತಾರೆ. ಇರುವ ರೂಮಿನ ಕೆಳಗೇ ಜೀನ್ಸ್ ಹೊಲಿಯುವ ಯೂನಿಟ್ಟು. ದಿನವೆಲ್ಲ ಮಿಷನ್ನಿನ ಸದ್ದು. ಕಿಟಕಿ ತೆಗೆದರೆ ದುರ್ಗದ ಬೆಟ್ಟ. ಆ ಬೆಟ್ಟವನ್ನು ನೋಡಿದಾಗೆಲ್ಲ ನನಗೆ ಇಂಗ್ಲೆಂಡಿನ ಒಂದು ಗುಡ್ಡ ನೆನಪಾಗುತ್ತದೆ. ನಾನು ಕಣ್ಣಲ್ಲಿ ಕಂಡದ್ದಲ್ಲ, ಎಂ.ಎ. ಓದುವಾಗ ಪುಸ್ತಕದಲ್ಲಿ ಕಂಡದ್ದು. ಅದರ ಹೆಸರು ಓಲ್ಡ್ ಸೇರಮ್. ಹಿಂದೆ ಆ ಗುಡ್ಡದ ಮೇಲೆ ಕೋಟೆಯಿತ್ತು, ಊರಿತ್ತು. ಪಾರ್ಲಿಮೆಂಟಿಗೆ ಇಬ್ಬರನ್ನು ಕಳಿಸುವ ಹಕ್ಕು ಆ ಊರಿಗಿತ್ತು. ಆಮೇಲೆ ಜನ ಗುಡ್ಡ ಇಳಿದು ಕೆಳಗೆ ಹೊಳೆ ಪಕ್ಕ ಹೊಸ ಊರು ಕಟ್ಟಿಕೊಂಡರು. ಮೇಲಿನ ಊರು ಹಾಳುಬಿತ್ತು. ಜನ ಇಳಿದರು, ಹಕ್ಕು ಮಾತ್ರ ಇಳಿಯಲಿಲ್ಲ. ಹುಲ್ಲು ಬೆಳೆದ ಖಾಲಿ ಗುಡ್ಡ ನೂರಾರು ವರ್ಷ ಇಬ್ಬರು ಮೆಂಬರನ್ನು ಆರಿಸಿ ಕಳಿಸಿತು. ಅಲ್ಲಿನ ತುಂಡು ಜಮೀನುಗಳ ಹಿಡುವಳಿದಾರರು ಅಂತ ಬೆರಳೆಣಿಕೆಯ ಜನ ಎಲೆಕ್ಷನ್ ದಿನ ಬಂದು, ಒಂದು ಮರದ ಕೆಳಗೆ ನಿಂತು, ಜಮೀನಿನ ಒಡೆಯ ಯಾರ ಹೆಸರು ಹೇಳಿದರೆ ಅವರನ್ನು ಆರಿಸಿ ಹೋಗುತ್ತಿದ್ದರು. ಜಮೀನು ಮಾರಿದರೆ ಪಾರ್ಲಿಮೆಂಟಿನ ಸೀಟೂ ಅದರ ಜೊತೆಗೇ ಮಾರಾಟ. ಅದೇ ಕಾಲದಲ್ಲಿ ಗಿರಣಿಗಳ ಹೊಗೆಯಲ್ಲಿ ಸಾವಿರಾರು ಜನ ದುಡಿಯುತ್ತಿದ್ದ ದೊಡ್ಡ ದೊಡ್ಡ ಊರುಗಳಿಗೆ ತಮ್ಮದು ಅನ್ನುವ ಒಬ್ಬ ಮೆಂಬರೂ ಇರಲಿಲ್ಲ. ಕೊನೆಗೆ ಕಾನೂನು ಬಂದು ಆ ಕ್ಷೇತ್ರವನ್ನು ಅಳಿಸಿಹಾಕಿತು.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಹಟ್ಟಿಯವರು ಓಟು ಹಾಕಬೇಕಾದರೆ ಹಳ್ಳ ದಾಟಿ ಪಕ್ಕದೂರಿನ ಸ್ಕೂಲಿಗೆ ಹೋಗಬೇಕು. ಜನ ತುಂಬಿದ ನಮ್ಮ ಹಟ್ಟಿಗೆ ಒಂದು ಬೂತಿಲ್ಲ, ಯಾರೂ ಇಲ್ಲದ ಗುಡ್ಡಕ್ಕೆ ಇಬ್ಬರು ಮೆಂಬರು. ಓದು ಅಂದರೆ ಇದು, ಇದನ್ನು ಅವ್ವನಿಗೆ ಹೇಳಬೇಕು ಅನ್ನಿಸಿತ್ತು. ಮನೆಯಲ್ಲಿ ಹೇಳೋಕೆ ಹೋದರೆ, ಕುರಿ ಒಳಗೆ ಕೂಡಿದ್ಯಾ ಅಂತ ಅವಳು ನಡುವೆಯೇ ಕೇಳುತ್ತಿದ್ದಳು. ಅದಕ್ಕೆ ವೇದಿಕೆ ಬೇಕು, ಮೈಕು ಬೇಕು, ಎದುರಿಗೆ ಕುರ್ಚಿ ಹಾಕಿ ಅವಳನ್ನು ಕೂರಿಸಬೇಕು ಅಂದುಕೊಂಡೆ.

ಹೋದ ವರ್ಷ ಆ ಅವಕಾಶ ಬಂತು. ನಮ್ಮ ಕಾಲೇಜಿನಲ್ಲಿ ಸುತ್ತಲಿನ ಮೇಷ್ಟ್ರುಗಳಿಗೆಲ್ಲ ಒಂದು ದಿನದ ಸೆಮಿನಾರು ಇಟ್ಟರು; ಜೊತೆಗೆ ಊರವರಿಗೆಂದು ಒಂದು ಆಧ್ಯಾತ್ಮಿಕ ಗೋಷ್ಠಿ. ನಾನು ಕನ್ನಡದಲ್ಲಿ ಪ್ರಬಂಧ ಓದುತ್ತೇನೆ ಅಂದೆ. ನಮ್ಮ ವಿಭಾಗದ ಹಿರಿಯರು ಕೆಟ್ಟವರಲ್ಲ. ಕನ್ನಡದಲ್ಲಿ ಓದಿದರೆ ಯಾರು ಕೇಳುತ್ತಾರಯ್ಯಾ, ತೆಲುಗಿನಲ್ಲಿ ಓದು, ನಿನಗೆ ಬರೋದಿಲ್ಲವಾ ಅಂತ ತೆಲುಗಿನಲ್ಲೇ ಬುದ್ಧಿ ಹೇಳಿದರು. ಬರುತ್ತದೆ. ಸಂತೆಯಲ್ಲಿ ಕುರಿ ಮಾರುವಷ್ಟು, ಕಾಲೇಜಿನಲ್ಲಿ ಪಾಠ ಮಾಡುವಷ್ಟು ಬರುತ್ತದೆ. ಆದರೆ ನಮ್ಮವ್ವನಿಗೆ ಸಂತೆಯದ್ದಷ್ಟೇ ಬರುತ್ತದೆ. ಅದನ್ನು ಅವರಿಗೆ ಹೇಳಲಿಲ್ಲ. ಅರ್ಧ ಊರು ಮನೆಯಲ್ಲಿ ಕನ್ನಡ ಮಾತಾಡುತ್ತದೆ ಸಾರ್, ಒಂದು ಪ್ರಬಂಧ ಕೇಳಿದರೆ ಏನೂ ಆಗೋದಿಲ್ಲ ಅಂದೆ. ಒಪ್ಪಿದರು.

ಕನ್ನಡಕ್ಕೆ ಜಾಗ ಸಿಕ್ಕಿತಲ್ಲ ಅಂತ ಉಬ್ಬಿ, ಶುದ್ಧ ಕನ್ನಡದಲ್ಲೇ ತಲೆಬರಹ ಕೊಟ್ಟೆ: ‘ಒಂದು ಪುರಾತನ ಮತಕ್ಷೇತ್ರದ ಏಳುಬೀಳು’.

ಕೆಟ್ಟದ್ದು ಅಲ್ಲೇ. ಕನ್ನಡದಲ್ಲಿ ಮತ ಅಂದರೆ ಓಟೂ ಹೌದು, ಧರ್ಮವೂ ಹೌದು. ತೆಲುಗಿನಲ್ಲಿ ಮತಂ ಅಂದರೆ ಧರ್ಮ ಒಂದೇ; ಓಟಿಗೆ ಅವರು ಓಟು ಅಂತಲೇ ಅನ್ನುತ್ತಾರೆ. ಕ್ಷೇತ್ರ ಅಂದರೆ ಅವರಿಗೆ ಮೊದಲು ನೆನಪಾಗುವುದು ತಿರುಪತಿ, ಶ್ರೀಶೈಲ. ಎರಡು ಲಿಪಿಯೂ ಅಣ್ಣತಮ್ಮಂದಿರ ಹಾಗೆ, ಇಲ್ಲಿಯವರು ಎರಡನ್ನೂ ಓದುತ್ತಾರೆ. ನಮ್ಮ ಆಫೀಸಿನ ಸೂಪರಿಂಟೆಂಡೆಂಟು ಓದಿದರು, ತೆಲುಗಿನವರ ಹಾಗೆ ಅರ್ಥ ಮಾಡಿಕೊಂಡರು, ನನ್ನನ್ನು ತೆಗೆದು ಆಧ್ಯಾತ್ಮಿಕ ಗೋಷ್ಠಿಗೆ ಹಾಕಿದರು.

ಹಿಂದಿನ ದಿನ ಗೇಟಿಗೆ ಕಟ್ಟಿದ ಫ್ಲೆಕ್ಸ್ ನೋಡಿದಾಗಲೇ ನನಗೆ ಗೊತ್ತಾದದ್ದು. ರಾಜ್ಯಶಾಸ್ತ್ರದ ಗೋಷ್ಠಿ ಕೆಳಗಿನ ದೊಡ್ಡ ಹಾಲಿನಲ್ಲಿ. ನನ್ನದು ಮೇಲಿನ ಲೈಬ್ರರಿಯಲ್ಲಿ, ಹರಿಕಥೆ ಮತ್ತು ಸ್ಥಳಪುರಾಣಗಳ ನಡುವೆ. ಓಡಿ ಆಫೀಸಿಗೆ ಹೋದೆ. ನನ್ನದು ಎಲೆಕ್ಷನ್ ಚರಿತ್ರೆ, ಇಂಗ್ಲೆಂಡಿನದು, ದೇವರಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಬಿಡಿಸಿ ಹೇಳಿದೆ. ಅವರು ಬಳ್ಳಾರಿ ಕಡೆ ಕನ್ನಡದಲ್ಲಿ ಸಮಾಧಾನ ಮಾಡಿದರು.

"ಎಲೆಕ್ಷನ್ ಅಂತ ಮೊದ್ಲ ಬರೀಬೇಕಿತ್ತಲ್ರಿ ಸರ. ಮತ ಅಂತೀರಿ, ಕ್ಷೇತ್ರ ಅಂತೀರಿ, ಪುರಾತನ ಬ್ಯಾರೆ ಅಂತೀರಿ. ಫ್ಲೆಕ್ಸ್ ಕಟ್ಟಿ ಆತು, ಈಗ ಬಿಚ್ಚಿದ್ರ ಚಂದ ಕಾಣಾಂಗಿಲ್ರಿ. ಎಲ್ಲಿ ಓದಿದ್ರೇನು, ಓದಾದು ನೀವ ಹೌದಲ್ರಿ?"

ನಗುತ್ತಲೇ ಹೇಳಿದರು. ಸಿಟ್ಟು ಮಾಡಿದವರ ಮೇಲೆ ಸಿಟ್ಟು ಮಾಡಬಹುದು, ನಗುವವರನ್ನು ಏನು ಮಾಡುವುದು. ಹಿರಿಯರ ಹತ್ತಿರ ಹೋದೆ. ಅವರು ತೆಲುಗಿನಲ್ಲಿ ಓದು ಅಂದಿದ್ದೆನಲ್ಲ ಅಂದರು.

ಬೆಳಿಗ್ಗೆ ಅವ್ವ ಬಂದಳು. ಗುಡಿಬಂಡೆಯಿಂದ ಆಟೋ, ಮಡಕಶಿರದಿಂದ ಬಸ್ಸು, ನಡುವೆ ಇನ್ನೊಂದು ಬಸ್ಸು. ಮಡಕಶಿರ ಈಗ ಅನಂತಪುರ ಬಿಟ್ಟು ಬೇರೆ ಜಿಲ್ಲೆಗೆ ಹೋಗಿದೆ. ಅವಳ ಬಾಯಲ್ಲಿ ಇನ್ನೂ ಅನಂತಪುರ ಜಿಲ್ಲೆಯೇ. ಹೊಸ ಸೀರೆ ಉಟ್ಟಿದ್ದಳು. ಮುಂದಿನ ಸಾಲಿನಲ್ಲಿ ಕೂರಿಸಿದೆ. ಸುತ್ತ ನೋಡಿದರೆ ಭಜನೆ ಮಂಡಳಿಯವರು, ಮಧ್ಯಾಹ್ನದ ಊಟ ಕೊಡಿಸಿದ ಹೊಲಿಗೆ ಯೂನಿಟ್ಟಿನ ಮಾಲೀಕರು, ಕುಂಕುಮ ಇಟ್ಟುಕೊಂಡ ಹೆಂಗಸರು. ಅಧ್ಯಕ್ಷರು ನಿವೃತ್ತ ತೆಲುಗು ಪಂಡಿತರು. ಪರದೇಶದ ಪುಣ್ಯಕ್ಷೇತ್ರವೊಂದರ ಮಹಿಮೆಯನ್ನು ಯುವಕರೊಬ್ಬರು ತಿಳಿಸುತ್ತಾರೆ ಅಂತ ನನ್ನನ್ನು ಕರೆದರು. ಕೆಳಗಿನ ಹಾಲಿನಿಂದ ಚಪ್ಪಾಳೆ ಕೇಳಿಸುತ್ತಿತ್ತು. ನನ್ನ ಪ್ರಬಂಧ ಕೇಳಬೇಕಾದವರು ಅಲ್ಲಿದ್ದರು.

ಮೊದಲಿಗೇ ಹೇಳಿದೆ, ಇದು ಗುಡಿಯ ಕಥೆಯಲ್ಲ, ಮತ ಅಂದರೆ ಇಲ್ಲಿ ಓಟು. ಎಲ್ಲರೂ ತಲೆಯಾಡಿಸಿದರು. ಕಥೆ ಶುರು ಮಾಡಿದೆ. ಓಲ್ಡ್ ಸೇರಮ್ ಅಂದ ತಕ್ಷಣ ಹಿಂದಿನಿಂದ ಯಾರೋ, ಸೇಡಂ ಕಡೆ ಬರ್ತೈತೇನೋ ಅಂದದ್ದು ಕೇಳಿಸಿತು. ಬಿಡದೆ ಓದಿದೆ. ಕೋಟೆ, ಹಾಳುಬಿದ್ದ ಊರು, ಮರದ ಕೆಳಗಿನ ಎಲೆಕ್ಷನ್, ಎಲ್ಲ. ಮರ ಬಂದಾಗ ಇಬ್ಬರು ಹೆಂಗಸರು ಕೈಮುಗಿದರು. ನಾನು ಅವ್ವನನ್ನೇ ನೋಡಿಕೊಂಡು ಓದುತ್ತಿದ್ದೆ. ಅವಳು ಕಣ್ಣು ಕೀಳದೆ ನನ್ನನ್ನು ನೋಡುತ್ತಿದ್ದಳು. ಕೇಳುತ್ತಿದ್ದಾಳೋ, ಬರೀ ನೋಡುತ್ತಿದ್ದಾಳೋ ತಿಳಿಯಲಿಲ್ಲ.

ಮುಗಿಸುವ ಹೊತ್ತಿಗೆ ಯೂನಿಟ್ಟಿನ ಮಾಲೀಕರೊಬ್ಬರು ಎದ್ದು ನಿಂತರು.

"ಸರ, ಆ ಗುಡ್ಡದ ಮ್ಯಾಲೆ ಯಾವ ದೇವ್ರು ಅಂತ ಹೇಳಲೇ ಇಲ್ರಿ."

"ದೇವರಿಲ್ಲ ಸಾರ್. ಅಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲಂದ್ರ ಅದು ಕ್ಷೇತ್ರ ಹ್ಯಾಂಗಾತ್ರಿ?"

ಇಂಗ್ಲೆಂಡಿನ ಜನ ನೂರಾರು ವರ್ಷ ಕೇಳಬೇಕಾಗಿದ್ದ ಪ್ರಶ್ನೆ ಅದೇ. ಕೇಳಿದ ಮೇಲೆಯೇ ಆ ಕ್ಷೇತ್ರ ಅಳಿದದ್ದು. ಎಂಥ ಪ್ರಶ್ನೆ ಕೇಳಿದಿರಿ ಸಾರ್, ಈಗ ಹೇಳುತ್ತೇನೆ ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಪಂಡಿತರು ಮೈಕು ತಮ್ಮ ಕಡೆ ಎಳೆದುಕೊಂಡರು. ದೇವರು ಎಲ್ಲಿಲ್ಲ, ಖಾಲಿ ಗುಡ್ಡದಲ್ಲೂ ಇದ್ದಾನೆ, ಭಕ್ತರು ಇಳಿದು ಬಂದಲ್ಲಿಗೆ ಮಹಿಮೆಯೂ ಇಳಿದು ಬರುತ್ತದೆ ಅಂತ ತೆಲುಗಿನಲ್ಲಿ ಸಾರಾಂಶ ಹೇಳಿದರು. ಜೋರು ಚಪ್ಪಾಳೆ. ಮಾಲೀಕರೂ ಸಮಾಧಾನವಾಗಿ ಕೂತರು. ನನಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. ಮೂವತ್ತು ಮೈಲಿ ನಡೆದು ಬಂದವನಿಗೆ ತಪ್ಪು ಊರಿನಲ್ಲಿ ಹಾರ ಹಾಕಿದ ಹಾಗಾಯಿತು.

ಅವ್ವನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಅವ್ವ ಶಾಲು ಮಡಚಿ, ಕಾಯಿಯನ್ನು ಅದರೊಳಗೆ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡಿದ್ದಳು. ಚೆನ್ನಾಗಿ ಏಳ್ದೆ ಅಂದಳು. ನಾನು ಏನು ಹೇಳಿದೆ ಅಂತ ಅವಳನ್ನೇ ಕೇಳಬೇಕು ಅನ್ನಿಸಿತು. ಬಸ್ಸು ಬಂತು, ಕೇಳಲಿಲ್ಲ.

ಆಮೇಲಿನದ್ದು ತಂಗಿ ಫೋನಿನಲ್ಲಿ ಹೇಳಿ ಗೊತ್ತಾಯಿತು. ಅವ್ವ ಕಾಯಿ ಒಡೆದು ಹಟ್ಟಿಗೆಲ್ಲ ಚೂರು ಹಂಚಿದಳಂತೆ. ನನ್ನ ಮಗ ಓದಿರೋದು ಓಟಿಂದಲ್ಲ, ದೇವ್ರುದು, ನಾನೇ ತಿಳಿಕಂಡಿರ್ನಿಲ್ಲ ಅಂದಳಂತೆ. ಈಗ ಊರಿಗೆ ಹೋದರೆ ಓಟರ್ ಕಾರ್ಡಿನವರು ಬರೋದಿಲ್ಲ. ಮನೆ ಪಾಯಕ್ಕೆ ಯಾವ ದಿನ ಒಳ್ಳೇದು, ಹುಡುಗಿಯ ಮದುವೆಗೆ ಯಾವ ದೇವರಿಗೆ ಹರಕೆ ಕಟ್ಟಿಕೊಳ್ಳಲಿ ಅಂತ ಬರುತ್ತಾರೆ. ಮೊದಲಿನದ್ದರಲ್ಲಿ ಓಟು ಅನ್ನೋ ಮಾತಾದರೂ ಇತ್ತು. ಅಷ್ಟು ಓದಿ, ಅಷ್ಟು ಹಟ ಮಾಡಿ, ಇದ್ದದ್ದನ್ನೂ ಕಳಕೊಂಡೆ ಅಂತ ತಂಗಿಯ ಮೇಲೆ ರೇಗಿದೆ. ಅವಳಿಗೆ ನಗು.

ಹೋದ ವಾರ ಅವ್ವನೇ ಫೋನ್ ಮಾಡಿದಳು. ಮೇಲಿನ ಹಟ್ಟಿಯವಳೊಬ್ಬಳು ಬಂದು, ನಿನ್ನ ಮಗ ಹೇಳಿದ ಆ ಗುಡ್ಡದ ಮೇಲೆ ಯಾವ ದೇವರು, ನಾವೂ ಒಂದು ಸಲ ಹೋಗಿ ಬರೋಣ ಅಂದಳಂತೆ.

"ನೀನೇನಂದೆ?" ಅಂದೆ. ಮತ್ತೆ ಸಿಟ್ಟು ಏರುತ್ತಿತ್ತು.

"ಅಲ್ಲಿ ಯಾರೂ ಇಲ್ಲ ಕಣೆ, ಬರೀ ಉಲ್ಲು, ಓಗಿ ಏನ್ ಮಾಡೀಯ ಅಂದೆ. ನೀನು ಅಂಗೇ ಅಲ್ವೇನಪ್ಪ ಏಳಿದ್ದು?"

ಕೆಳಗೆ ಮಿಷನ್ನು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಹೂಂನವ್ವ, ಅಂಗೇ ಹೇಳಿದ್ದು. ಆದರೆ ಆ ಹುಲ್ಲಿಗೂ ಓಟಿತ್ತು ಅಂದಿದ್ದೆ. ಅದನ್ನ ಹೇಳಿದ್ಯಾ?"

"ಉಲ್ಲಿಗಾ?" ಅಂದಳು. ತಂಗಿಯ ಕಡೆ ತಿರುಗಿ ಕುರಿ ಕೂಡಿದ್ಯಾ ಅಂತ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. "ಅದೆಂಗೆ, ಏಳು" ಅಂದಳು.