ಫಕೀರಸಾಬರು ಆರಿಸಿದ ಮೋಟಾರು

ಕೊಟ್ಟೂರಿನ ಫಕೀರಸಾಬರು ಪಂಪಿನ ಮೋಟಾರಿಗೆ ತಂತಿ ಸುತ್ತಿ ಕಟ್ಟುವವರು. ನಲವತ್ತು ವರ್ಷದಲ್ಲಿ ಅವರು ಸುತ್ತಿದ ತಾಮ್ರದ ತಂತಿಯನ್ನು ಬಿಚ್ಚಿ ಎಳೆದರೆ ಚಂದ್ರನನ್ನು ಮುಟ್ಟಿ, ಅಲ್ಲೊಂದು ಚಹಾ ಕುಡಿದು, ಮರಳಿ ಕೂಡ್ಲಿಗಿತನಕ ಬರಬಹುದು. ಸುಟ್ಟ ಮೋಟಾರನ್ನು ಮೂಸಿಯೇ ಅದು ಯಾರ ಹೊಲದ್ದೆಂದು ಹೇಳುತ್ತಿದ್ದರು. ಅವರ ಬಾಯಿಂದ ಎಂದೂ ಬಾರದ ಮಾತು ಒಂದೇ: ಗೊತ್ತಿಲ್ಲ.

ಪಕ್ಕದ ಮನೆಯ ಶಾಂಭವಿ, ಡಿಪ್ಲೊಮಾ ಕೊನೆಯ ವರ್ಷದವಳು, ಹರಪನಹಳ್ಳಿಯಲ್ಲಿ ನಡೆಯಲಿದ್ದ ರೋಬೋಟ್ ಕಾಳಗಕ್ಕೆ ಯಂತ್ರವೊಂದನ್ನು ಕಟ್ಟುತ್ತಿದ್ದಳು. ಗ್ಯಾಸಿನ ಒಲೆಯಷ್ಟು ಅಗಲ, ಮುಂದೆ ಕಬ್ಬಿಣದ ಕೊಂಬು, ಎಡಕ್ಕೊಂದು ಬಲಕ್ಕೊಂದು ಚಕ್ರ, ಚಕ್ರಕ್ಕೊಂದು ಮೋಟಾರು. ಕಾನಹೊಸಹಳ್ಳಿಯ ಗುಜರಿಯಿಂದ ಎರಡು ಜೋಡಿ ಹೊತ್ತು ತಂದಿದ್ದಳು: ಕಾರಿನ ಕಿಟಕಿ ಗಾಜು ಏರಿಸಿ ಇಳಿಸುವವು, ರೇಡಿಯೇಟರ್ ಫ್ಯಾನ್ ತಿರುಗಿಸುವವು.

"ಯಾವು ಹಾಕ್ಲಿ ಕಾಕಾ?"

"ಗಾಜು ಎತ್ತೋವು ಕುಸ್ತಿ ಹಿಡಿತಾವೇನವ್ವಾ? ಫ್ಯಾನಿನವು ಹಾಕು. ಅವುಕ್ಕ ರೆಕ್ಕಿ ಕಟ್ಟಿದ್ರ ನಮ್ಮ ಅಂಗಡೀನ ಹೊಳಲಿಗೆ ಹಾರಿ ಹೋಗತೈತಿ!"

"ಫ್ಯಾನು ಒಂದ ಕಡಿಗೆ ತಿರುಗೋದಲ್ಲ? ಎಡಗಡಿ ಬಲಗಡಿ ಎದುರುಬದುರು ಕೂರಿಸಿದ್ರ ಒಂದು ಉಲ್ಟಾ ತಿರುಗಬೇಕಾಗತೈತಿ."

"ಎರಡು ವೈರ್ ಅದಲುಬದಲು ಮಾಡು, ತಿರುಗತೈತಿ. ಮೋಟಾರಿಂದು ನನಗ ಹೇಳಾಕ ಬಂದೀಯಾ?"

ಮಾಡಿ ತೋರಿಸಿದರು. ಗುಂಯ್ ಎಂದು ತಿರುಗಿತು. ಬೋರಿನ ಪಂಪಿನಲ್ಲಿ ವೈರು ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ, ಬಲ ಅಷ್ಟೇ ಇರುತ್ತದೆ. ಫ್ಯಾನಿನ ಮೋಟಾರು ಹಾಗಲ್ಲ. ಅದನ್ನು ಹೊಂದಿಸಿರುವುದೇ ಒಂದು ದಿಕ್ಕಿಗೆ. ಭಾರ ಹೇರದಿದ್ದರೆ ಉಲ್ಟಾ ಕೂಡ ಚೆನ್ನಾಗಿ ತಿರುಗುತ್ತದೆ. ಫಕೀರಸಾಬರು ಭಾರ ಹೇರಿ ನೋಡಲೇ ಇಲ್ಲ.

ಕಾಳಗದ ದಿನ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಪಕ್ಕದವನಿಗೆ, ಅವನ ಪಕ್ಕದವನಿಗೆ, ಕಡಲೆ ಮಾರುವವನಿಗೂ ಹೇಳಿದರು: "ಆ ಮೋಟಾರು ಆರಿಸಿದಾಂವ ನಾನ ರೀ."

ಸೀಟಿ ಕೂಗಿತು. ಬಲಚಕ್ರ ಓಡಿತು, ಉಲ್ಟಾ ಮೋಟಾರಿನ ಎಡಚಕ್ರ ತೆವಳಿತು. ಯಂತ್ರ ಕೂತಲ್ಲೇ ಗಿರಗಿರ ಸುತ್ತತೊಡಗಿತು.

"ಗಾಣದೆತ್ತು ತಂದಾರಲೇ! ಎಣ್ಣಿ ಯಾವಾಗ ಬರತೈತಿ?" ಎಂದು ಯಾರೋ ಕೂಗಿದ. ನಗು ನೀಲಗುಂದಕ್ಕೂ ಕೇಳಿಸಿರಬೇಕು. ಹಡಗಲಿಯವರ ಯಂತ್ರ ಇದಕ್ಕೆ ತಲೆ ಸುತ್ತುವವರೆಗೆ ಕಾದು, ಮೆಲ್ಲಗೆ ಕಣದ ಗೆರೆಯಾಚೆ ತಳ್ಳಿತು.

"ಈ ಮೋಟಾರು ಆರಿಸಿದವರು ಯಾರಮ್ಮಾ?" ತೀರ್ಪುಗಾರರು ಕೇಳಿದರು.

ಶಾಂಭವಿ ಮುಂದಿನ ಸಾಲಿನತ್ತ ನೋಡಿದಳು. ಫಕೀರಸಾಬರು ಬಗ್ಗಿ ಕುರ್ಚಿಯಡಿ ಚಪ್ಪಲಿ ಹುಡುಕುತ್ತಿದ್ದರು.

"ನಾನ ರೀ ಸರ್," ಎಂದಳು.

ಬಸ್ಸು ಕೊಟ್ಟೂರು ಮುಟ್ಟಲು ಮೂರು ವರ್ಷ ಹಿಡಿಯಿತು. ದಾರಿಯಲ್ಲಿ ಅವಳು ಕಡಲೆಯ ಪೊಟ್ಟಣ ಮುಂದೆ ಹಿಡಿದಳು. ಅವರು ಒಂದೇ ಕಾಳು ತೆಗೆದುಕೊಂಡರು.

ಮರುದಿನ ಶಾಂಭವಿ ಗೆಳತಿಯರೊಂದಿಗೆ ಅಂಗಡಿಗೆ ಬಂದಳು. "ಮುಂದಿನ ತಿಂಗಳು ಹಡಗಲಿಯಾಗ ಐತಿ ಕಾಕಾ. ಈ ಸಲ ಯಾವು ಹಾಕೋಣು?"

ಫಕೀರಸಾಬರು ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟರು.

"ಗೊತ್ತಿಲ್ಲವ್ವಾ," ಎಂದರು. ಆಮೇಲೆ ಗೆಳತಿಯರಿಗೂ ಕೇಳುವಂತೆ, "ನಿನ್ನಿ ಚಪ್ಪಲಿ ನನ್ನ ಕಾಲಾಗ ಇದ್ವು."

"ನಾ ನೋಡಿದ್ನಿ ಕಾಕಾ," ಎಂದು ಶಾಂಭವಿ ಗಾಜು ಏರಿಸುವ ಮೋಟಾರನ್ನು ಅವರ ಮುಂದಿಟ್ಟಳು. "ಇದರ ತುದಿ ಹಿಡಕೊಳ್ರಿ ಗಟ್ಟಿಯಾಗಿ, ಭಾರ ಬೀಳ್ಲಿ. ಉಲ್ಟಾ ತಿರುಗಸ್ತೀನಿ."