ಚನ್ನಬಸಣ್ಣನ ಬಲಗಿವಿ

ಚನ್ನಬಸಣ್ಣನನ್ನು ಯಾರಾದರೂ ಮಾತಾಡಿಸಿದರೆ ಅವನು ಮುಖ ತಿರುಗಿಸಿಬಿಡುತ್ತಿದ್ದ. ಬಾಗಿಲಲ್ಲಿ ನಿಂತು ‘ಊಟ ಆತೇನಪ್ಪಾ’ ಎಂದರೆ ಅವನ ಕಣ್ಣು ಗೋಡೆಯ ಕಡೆ. ‘ಬಾಡಿಗೆಗೆ ಬಂದವನಿಗೆ ಎಷ್ಟು ಸೊಕ್ಕು ನೋಡ್ರಿ’ ಎಂದು ನಾನೇ ಒಂದು ಸಲ ಯಜಮಾನರ ಹತ್ತಿರ ಆಡಿದ್ದುಂಟು. ಶಿವ ಅದನ್ನು ಮನ್ನಿಸಿದ್ದಾನೆಂದು ನಂಬಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಕಾರಿಪುರದ ನಮ್ಮ ಮನೆಯ ಮುಂದಿನ ಕೋಣೆಯ ತುಂಬ ಅವನ ಮೈಕ್‌ಸೆಟ್ಟಿನ ಸಾಮಾನು. ಅವನ ಊರು ಸೊರಬದ ಕಡೆ ಹೊಸಬಾಳೆ. ಎರಡು ಟೇಪ್‌ರೆಕಾರ್ಡರುಗಳನ್ನು ಮಿಕ್ಸರ್ ಎಂಬ ಗುಂಡಿಗಳ ಪೆಟ್ಟಿಗೆಗೆ ಸಿಕ್ಕಿಸಿ, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದರ ತಾಳವನ್ನು ಜಡೆಯಂತೆ ಹೆಣೆಯುತ್ತಿದ್ದ. ಮದುವೆಯ ದಿಬ್ಬಣಗಳಲ್ಲಿ ಕುಣಿಯುವವರಿಗೆ ಕಾಲು ನಿಲ್ಲುತ್ತಿರಲಿಲ್ಲವಂತೆ.

ಏನೇ ಕೆಟ್ಟರೂ ಅವನದು ಒಂದೇ ಮಾತು: ‘ಕೆರೆಯಿಂದ ನಲ್ಲಿವರೆಗೆ ನಡೀಬೇಕು ಅಕ್ಕಾ. ನೀರು ಎಲ್ಲಿ ಕೆಂಪಾಯ್ತು ಅಂತ ಕೂತಲ್ಲೇ ಗೊತ್ತಾಗಲ್ಲ.’ ನನ್ನ ಪಾಯಸ ಒಡೆದಾಗಲೂ ಹಾಲಿನಿಂದ ಬೆಲ್ಲದವರೆಗೆ ನನ್ನನ್ನು ಪ್ರಶ್ನೆ ಕೇಳಿ ಕೇಳಿ ನಡೆಸಿದ್ದ.

ಆ ವರ್ಷ ಶಿವಮೊಗ್ಗದಿಂದ ಯಾರೋ ಬಳಸಿದ ಕಂಪ್ಯೂಟರೊಂದನ್ನು ತಂದ. ಹೆಣೆದ ಹಾಡುಗಳನ್ನು ಅದರಲ್ಲಿ ತುಂಬಿಸಿಟ್ಟರೆ ಬೇಕಾದಷ್ಟು ಕ್ಯಾಸೆಟ್ ಮಾಡಿಕೊಡಬಹುದು ಎಂಬ ಆಸೆ. ದಸರಾ ಕಳೆದ ಮೇಲೆ, ಸೊರಬದಲ್ಲಿ ನಡೆಯಬೇಕಿದ್ದ ಮದುವೆಯೊಂದಕ್ಕೆ ಮೊದಲ ಕ್ಯಾಸೆಟ್ ಹೋಯಿತು. ಎರಡೇ ದಿನಕ್ಕೆ ಮದುವೆಮನೆಯವರು ಹಿಂದಕ್ಕೆ ತಂದರು.

‘ಏನ್ರೀ ಇದು, ಒಗ್ಗರಣೆ ಸಿಡಿದಂಗೆ ಕರಕರ ಅಂತದೆ! ಶುಕ್ರವಾರದೊಳಗೆ ಸರಿಮಾಡಿ ಕೊಡದಿದ್ರೆ ದಾವಣಗೆರೆ ಸೆಟ್ ತರಿಸ್ತೀವಿ.’

ಮೂರು ದಿನ ತಲೆ ಮೇಲೆ ಕೈಹೊತ್ತು ಕೂತ. ಸದ್ದು ಹೆಚ್ಚಿಸಿ, ತಗ್ಗಿಸಿ, ಮತ್ತೆ ಮತ್ತೆ ತುಂಬಿಸಿದ. ಕಂಪ್ಯೂಟರಿಗೆ ಸಿಕ್ಕಿಸಿದ ಹೆಡ್‌ಫೋನಿನಲ್ಲಿ ಕೇಳಿ, ‘ನಂಗೆ ತಿಳಿಯಾಗೇ ಕೇಳ್ತದಲ್ಲ’ ಅನ್ನುವುದು, ಮತ್ತೆ ಕೂರುವುದು. ಕೊನೆಗೆ ನಾನು ಚಾ ಒಯ್ದಾಗ, ‘ಈ ಕಂಪ್ಯೂಟರು ನಂಗೆ ಆಗಿಬರ್ಲಿಲ್ಲ ಅಕ್ಕಾ. ವಾಪಸ್ ಕಳಿಸ್ತೀನಿ. ಬರೀ ಮೈಕ್ ಕಟ್ಟಿಕೊಂಡಿರ್ತೀನಿ’ ಎಂದ.

‘ತಾ ಇಲ್ಲಿ’ ಎಂದು ಅವನ ಹೆಡ್‌ಫೋನ್ ತೆಗೆದು ನಾನು ಕಿವಿಗಿಟ್ಟುಕೊಂಡೆ. ‘ಬಲಗಡೆ ಕರಕರ ಬರ್ತೈತಲ್ಲೋ! ಎಡಗಡೆ ತಿಳಿ ಐತಿ.’

ಅವನ ಮುಖ ಇಳಿಯಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

‘ನಂಗೆ ಬಲಗಿವಿ ಕೇಳಲ್ಲ ಅಕ್ಕಾ. ಸಣ್ಣವನಿದ್ದಾಗ ಸೋರಿ ಹೋಯ್ತು. ಜನಕ್ಕೆ ಗೊತ್ತಾದ್ರೆ ನಂಗೆ ಯಾರು ಕೆಲಸ ಕೊಡ್ತಾರೆ?’

ಮುಖ ತಿರುಗಿಸುತ್ತಿದ್ದದ್ದು ಎಡಗಿವಿಯನ್ನು ನಮ್ಮ ಮಾತಿಗೆ ಒಡ್ಡಲು! ನನಗೆ ನಾಚಿಕೆಯಾಯಿತು.

‘ಮತ್ಯಾಕ್ ಕೂತಿ? ಏಳು, ಕೆರೆಯಿಂದ ನಲ್ಲಿವರೆಗೆ ನಡಿ. ಬಲಗಡೆ ನಾ ಕೇಳ್ತೀನಿ.’

ಮೊದಲು ಟೇಪ್‌ರೆಕಾರ್ಡರ್ ಬದಲಿಸಿದ. ಕರಕರ ಬಲಗಡೆಯೇ ಇತ್ತು. ಮಿಕ್ಸರಿನ ಬೆನ್ನಿಗೆ ಬಿಳಿ ಮತ್ತು ಕೆಂಪು ಬಣ್ಣದ ಎರಡು ತೂತುಗಳಿದ್ದವು; ಬಿಳಿ ಎಡಗಡೆಯ ಸದ್ದಿಗೆ, ಕೆಂಪು ಬಲಗಡೆಯದಕ್ಕೆ. ಅಲ್ಲಿಂದ ಎರಡು ತಂತಿ ಕಂಪ್ಯೂಟರಿಗೆ. ಅವನು ಬಿಳಿಯದರ ತಂತಿಯನ್ನು ಕೆಂಪಿಗೆ, ಕೆಂಪಿನದನ್ನು ಬಿಳಿಗೆ ಸಿಕ್ಕಿಸಿದ.

‘ಈಗ?’

‘ಈಗ ಎಡಕ್ಕೆ ಬಂತು!’

ಹೆಡ್‌ಫೋನ್ ಕಿತ್ತುಕೊಂಡು ಕೇಳಿದ. ‘ಹೌದಲ್ಲ! ಕರಕರ! ನಂಗೂ ಕೇಳ್ತದೆ ಅಕ್ಕಾ!’ ಕೆಟ್ಟ ಸದ್ದಿಗೆ ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ‘ಕಂಪ್ಯೂಟರಿಂದೂ ತಪ್ಪಿಲ್ಲ, ತಂತೀದೂ ತಪ್ಪಿಲ್ಲ. ಈ ಕೆಂಪು ತೂತಿಂದು ಯಾವ ತಂತೀಲಿ ಹೋದ್ರೂ ಕರಕರ.’

ಬ್ಯಾಟರಿ ಬಿಟ್ಟು ನೋಡಿದರೆ ಒಳಗೆ ಒಣಗಿ ಅಂಟಿದ ಕುಂಕುಮ. ಆಯುಧಪೂಜೆಯ ದಿನ ಅವನು ಮೈಕನ್ನಷ್ಟೇ ಒಯ್ದು ಕೆಲಸದ ಮೇಲೆ ಹೋಗಿದ್ದಾಗ, ಕೋಣೆಯಲ್ಲಿದ್ದ ಅವನ ಸಾಮಾನಿಗೂ ಪೂಜೆ ಮಾಡಿದವಳು ನಾನೇ. ಬಿಳಿ ತೂತಿಗೆ ಒಣ ವಿಭೂತಿ ಮುಟ್ಟಿಸಿ, ಕೆಂಪಿನದಕ್ಕೆ ನೀರಲ್ಲಿ ಕಲಸಿದ ಕುಂಕುಮವನ್ನು ಭಕ್ತಿಯಿಂದ ಒತ್ತಿದ್ದೆ. ಬಣ್ಣಕ್ಕೆ ಬಣ್ಣ ಒಪ್ಪುತ್ತದೆ ಅನ್ನಿಸಿತ್ತು.

‘ನಂದೇ ತಪ್ಪಪ್ಪಾ’ ಎಂದೆ.

ಅವನು ಬಿದ್ದು ಬಿದ್ದು ನಕ್ಕ. ‘ನಾನೇ ಹಚ್ಚಿದ್ರೂ ಅಲ್ಲೇ ಹಚ್ತಿದ್ದೆ ಅಕ್ಕಾ. ದೀಪದ ಬತ್ತಿ ಒಂದೆರಡು ಕೊಡ್ರಿ.’ ನಾನು ಹೊಸೆದಿಟ್ಟಿದ್ದ ಬತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ತೂತಿನೊಳಗೆ ತಿರುವಿ ತಿರುವಿ ತೆಗೆದ. ಶುಕ್ರವಾರ ಬೆಳಗ್ಗಿನ ಬಸ್ಸಿಗೆ ಕ್ಯಾಸೆಟ್ ಸೊರಬಕ್ಕೆ ಹೋಯಿತು. ಆಮೇಲೆ ಹಿಂದಕ್ಕೆ ಬರಲಿಲ್ಲ.

ನಾನು ಸಂಜೆ ದೀಪ ಹಚ್ಚಿ, ದೇವರು ಕೊಟ್ಟದ್ದನ್ನು ಎಣಿಸುವವಳು. ಗಂಡನ ಆರೋಗ್ಯ, ಸೋರದ ಸೂರು, ಆ ದಿನದ ಅನ್ನ. ಎರಡು ಕಿವಿಗಳನ್ನು ಅದುವರೆಗೆ ಎಣಿಸಿಯೇ ಇರಲಿಲ್ಲ. ಅಂದಿನಿಂದ ಸೇರಿಸಿದೆ. ಅವನ ಗುಟ್ಟು ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಆಡಲಿಲ್ಲ. ಪ್ರತಿ ಕ್ಯಾಸೆಟ್ಟನ್ನೂ ಕಳಿಸುವ ಮೊದಲು, ‘ಅಕ್ಕಾ, ಬಲಗಡೆ’ ಎಂದು ಅಡುಗೆಮನೆ ಬಾಗಿಲಿಗೆ ಬರುತ್ತಿದ್ದ. ನಾನು ಕೈ ಒರೆಸಿಕೊಂಡು ಹೋಗುತ್ತಿದ್ದೆ. ಮರುವರ್ಷದ ಪೂಜೆಗೆ ಮಿಕ್ಸರಿಗೆ ಟವೆಲ್ ಹೊದಿಸಿ, ಮುಂಭಾಗವನ್ನಷ್ಟೇ ಬಿಟ್ಟು, ‘ಇಲ್ಲಿ ಎಷ್ಟು ಬೇಕಾದ್ರೂ ಹಚ್ರಿ’ ಎಂದ.

ಆ ಚಳಿಗಾಲದಲ್ಲಿ ಅವನಿಗೆ ಸೊರಬದಲ್ಲಿ ಸ್ವಂತ ಅಂಗಡಿಯಾಯಿತು. ಸಾಮಾನನ್ನೆಲ್ಲ ಟೆಂಪೋಗೆ ಏರಿಸಿ, ಕಂಪ್ಯೂಟರನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತ. ಡ್ರೈವರ್ ಇನ್ನೂ ಹತ್ತಿರಲಿಲ್ಲ; ಅಕ್ಕಪಕ್ಕದವರೆಲ್ಲ ಅವನ ಬಲಗಡೆಗಿದ್ದ ಡ್ರೈವರ್ ಕಿಟಕಿಗೆ ಮುತ್ತಿ ಏನೇನೋ ಹೇಳುತ್ತಿದ್ದರು. ಅವನು ಮುಖ ತಿರುಗಿಸಿದ.

‘ಹೋಗಾಗ್ಲೂ ಸೊಕ್ಕು ನೋಡ್ರೀ’ ಎಂದು ಯಾರೋ ನಕ್ಕರು.

ನಾನು ಟೆಂಪೋ ಸುತ್ತಿಕೊಂಡು ಹೋಗಿ ಅವನ ಎಡಗಡೆ ನಿಂತೆ. ‘ಚಲೋ ಆಗ್ಲಿ ತಮ್ಮಾ’ ಎಂದೆ, ಮೆಲ್ಲಗೆ.

‘ಕೇಳ್ತು ಅಕ್ಕಾ’ ಎಂದ.