ನೀರಿಗೆ ಏನನ್ನುತ್ತೀರಿ?

ಭಾನುವಾರ ಬೆಳಿಗ್ಗೆ ಹಾಲು ಕಾಯಿಸಿದೆ. ದೋಸೆಗೆ ನೆನೆಹಾಕಿದೆ. ನೀರಿನ ಕ್ಯಾನು ಬದಲಾಯಿಸಿದೆ. ಪಲ್ಲಾವರಂ ಸಂತೆಯಿಂದ ತಂದ ಬದನೆಕಾಯಲ್ಲಿ ಹುಳುಕು ಆರಿಸಿದೆ. ಬಟ್ಟೆ ಒಣಹಾಕಿ, ಗಡಿ ಭದ್ರತೆಯ ಮೀಟಿಂಗಿಗೆ ಹೋದೆ.

(ಗಾಬರಿ ಬೇಡ. ಗಡಿ ಎಂದರೆ ಚೆನ್ನೈ ಕ್ರೋಂಪೇಟೆಯ ನಮ್ಮ ಅಪಾರ್ಟ್‌ಮೆಂಟಿನ ಗೇಟು.)

ಕರೆದವರು ಸೆಕ್ರೆಟರಿ ವರದನ್ ಮಾಮ. ದೇಶದೊಳಕ್ಕೆ ನುಸುಳಿ ಬರುವ ಬಡವರ ಬಗ್ಗೆ ಫೋನಿನಲ್ಲಿ ವೀಡಿಯೊ ನೋಡಿ ನೋಡಿ, ಭಯದಿಂದ ತಮಗೆ ನಿದ್ದೆಯೇ ಬರುತ್ತಿಲ್ಲ ಎಂದರು. ಸರ್ಕಾರ ಬೇಲಿ ಹಾಕುವ ತನಕ ನಮ್ಮ ಗೇಟನ್ನು ನಾವೇ ಕಾಯಬೇಕಂತೆ. ಎಲ್ಲರ ಕಣ್ಣು ಶೆಫಾಲಿಯ ಮೇಲೆ ಬಿತ್ತು.

ಶೆಫಾಲಿ ಬಂಗಾಳದವಳು. ಮೂರು ವರ್ಷದಿಂದ ನಮ್ಮದೂ ಸೇರಿ ಇಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಾಳೆ. ಆಧಾರ್ ಕಾರ್ಡ್ ತೋರಿಸಿದಳು. ಮಾಮ ಅದನ್ನು ತಿರುಗಿಸಿಯೂ ನೋಡಲಿಲ್ಲ.

"ಕಾರ್ಡ್ ಯಾರು ಬೇಕಾದ್ರೂ ಪ್ರಿಂಟ್ ಮಾಡ್ಕೋಬೋದಮ್ಮಾ. ನಮಗೆ ಎದುಕ್ಕು ವಂಬು?" ಎಂದರು ನನಗೆ.

ಎದುಕ್ಕು ವಂಬು ಅಂದರೆ ಯಾಕೆ ತಂಟೆ. ಮೂರು ತಲೆಮಾರಿನ ಮದ್ರಾಸು ಕನ್ನಡ ಅವರದು. ಅವರ ತಾತ ಮೇಲುಕೋಟೆಯಿಂದ ಒಂದು ಪಂಚೆ ಗಂಟು ಹಿಡಿದು ಬಂದು, ಇಲ್ಲಿನ ಹೋಟೆಲಲ್ಲಿ ಸೌಟು ಹಿಡಿದವರಂತೆ. ಮಾಮನೇ ಹೆಮ್ಮೆಯಿಂದ ಹೇಳುತ್ತಿರುತ್ತಾರೆ. (ಆಗ ಆ ತಾತನನ್ನು ಯಾರಾದರೂ ಗೇಟಲ್ಲಿ ನಿಲ್ಲಿಸಿದ್ದರೆ?)

ಗಡಿ ಕಾಯುವುದೇ ಬೇಡ ಎನ್ನುವಷ್ಟು ದಡ್ಡಿಯಲ್ಲ ನಾನು. ಆದರೆ ಮೂರನೇ ಮಹಡಿಗೆ ಕೊರಿಯಾದ ಎಂಜಿನಿಯರ್ ಬಂದಾಗ ಇದೇ ಮಾಮ ಲಿಫ್ಟ್ ಹಿಡಿದು ನಿಂತಿದ್ದರು. ಪಾಸ್‌ಪೋರ್ಟ್ ಕೇಳಲಿಲ್ಲ, ಫಿಲ್ಟರ್ ಕಾಫಿ ಕಳಿಸಿದರು. ಹಾಗಾದರೆ ನಮಗಿರುವುದು ಗಡಿ ದಾಟಿದವರ ಭಯವೋ, ಬಸ್ಸಿನಲ್ಲಿ ನಿಂತು ಬರುವವರ ಭಯವೋ?

ಮಾಮ ಕೊನೆಗೆ ಫೋನಿನಲ್ಲಿ ಬಂದ ಒಂದು ಪರೀಕ್ಷೆ ತೆಗೆದರು. ಬಂಗಾಳಿಗಳು ನೀರಿಗೆ 'ಜೊಲ್' ಎಂದರೆ ಈಚೆಯವರು, 'ಪಾನಿ' ಎಂದರೆ ಗಡಿಯಾಚೆಯವರು. (ಇಡೀ ಉತ್ತರ ಭಾರತ ಪಾನಿ ಎನ್ನುವುದು ಅವರಿಗೆ ಹೊಳೆದಿರಲಿಲ್ಲ.) ನಪಾಸಾದರೆ ಸೋಮವಾರದಿಂದ ಗೇಟಿನೊಳಗೆ ಬರುವಂತಿಲ್ಲ. ನಾಲ್ಕು ಮನೆಯೂ ಒಂದೇ ಏಟಿಗೆ ಹೋಗುತ್ತದೆ.

ಹೇಳಿಕೊಡೋಣವೆಂದರೆ ಅವಳು ನನ್ನ ಕಡೆ ನೋಡುತ್ತಲೇ ಇಲ್ಲ.

ಮಾಮ ನೀರಿನ ಲೋಟ ಎತ್ತಿ ಹಿಡಿದರು. "ಇದು ಎನ್ನ?"

ಶೆಫಾಲಿ ಲೋಟ ನೋಡಿದಳು. ಮಾಮನ ಮುಖ ನೋಡಿದಳು.

"ತಣ್ಣಿ, ಮಾಮಾ."

ಅಪ್ಪಟ ತಮಿಳು! ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಮಾಮನಿಗೆ ಕಣ್ಣು ಸರಿಯಾಗಿ ಕಾಣಿಸುವುದಿಲ್ಲವೇ ಎಂದು ಶೆಫಾಲಿ ನನ್ನ ಕಿವಿಯಲ್ಲಿ ಕೇಳಿದಳು, ನಿಜವಾದ ಕನಿಕರದಿಂದ. ಕೇಳಿದವರ ಭಾಷೆಯಲ್ಲೇ ಉತ್ತರಿಸುವುದನ್ನು ಹೊಟ್ಟೆಪಾಡು ಅವಳಿಗೆ ಎಂದೋ ಕಲಿಸಿಬಿಟ್ಟಿದೆ. ಅದನ್ನು ಹಿಡಿಯುವ ಪರೀಕ್ಷೆ ಯಾವ ಫೋನಿನಲ್ಲಿದೆ?

ಮಾಮ ಗಂಟಲು ಸರಿಮಾಡಿಕೊಂಡು, ತಮಿಳು ಪರವಾಗಿಲ್ಲ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದರು.

ಮಧ್ಯಾಹ್ನ ಬದನೆಕಾಯಿ ಹುಳಿ, ಅನ್ನ, ಹಪ್ಪಳ. ಶೆಫಾಲಿಯೂ ಉಂಡು, ಖಾರ ಸಾಲದು ಎಂದಳು. ಅವಳನ್ನು ಕಳಿಸಲು ನಾನು ಕೆಳಗಿಳಿದರೆ, ಎಲ್ಲರಿಗಿಂತ ಮೊದಲು ಮಲಗಿದ್ದವರು ನಿದ್ದೆ ಬಾರದ ವರದನ್ ಮಾಮ. ಗೇಟಿನ ಪಕ್ಕದ ಕುರ್ಚಿಯಲ್ಲಿ, ಬಾಯಿ ತೆರೆದುಕೊಂಡು.

ಅವರಿಗೆ ಎಚ್ಚರವಾಗದಂತೆ ಶೆಫಾಲಿ ಮೆಲ್ಲಗೆ ಗೇಟು ಎಳೆದು, ಹೊರಗಿನಿಂದ ಕೈ ತೂರಿಸಿ, ಒಳಗಿನ ಚಿಲಕ ಹಾಕಿ ಹೋದಳು.

ಭಾನುವಾರ ನಮ್ಮ ಗಡಿ ಭದ್ರವಾಗಿಯೇ ಇತ್ತು.